ಬಿಲ್ಲೆಯ ಬೆನ್ನು

ಸೈನಿಕನ ಟೋಪಿ, ಕೊರಳಪಟ್ಟಿ, ಭುಜ ಅಥವಾ ಸೊಂಟಪಟ್ಟಿಯ ಮೇಲಿದ್ದು ಅವನು ಯಾವ ದಳದವನೆಂದು ಸಾರುವ ಗುರುತಿಗೆ ಕನ್ನಡದಲ್ಲಿ ಬಿಲ್ಲೆ, ಲಾಂಛನ, ಬ್ಯಾಡ್ಜು ಎಂಬ ಹೆಸರುಗಳು ಬಳಕೆಯಲ್ಲಿದ್ದು, ಬೀದರ್ ಸೀಮೆಯಲ್ಲಿ ಇದೇ ಅರ್ಥದ ಇನ್ನೊಂದು ಹೆಸರು ವೇಷ ಮರೆಸಿಕೊಂಡು ಉಳಿದಿದೆ. ಅಡ್ಡಪಟ್ಟಿಗೆ ಸಿಕ್ಕಿಸಿದ ಹಿತ್ತಾಳೆಯ ಬಿಲ್ಲೆಗೆ ಚಪ್ರಾಸ್ ಎಂದು ಹೆಸರಿತ್ತು. ಅದನ್ನು ಧರಿಸಿ ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಿದ್ದವನು ಚಪ್ರಾಸಿ ಎನಿಸಿಕೊಂಡನು. ಕಾಲಕ್ರಮದಲ್ಲಿ ಬಿಲ್ಲೆ ಕಳಚಿಬಿದ್ದರೂ ಅದರ ಹೆಸರು ಮಾತ್ರ ಮನುಷ್ಯನಿಗೆ ಅಂಟಿಕೊಂಡೇ ಉಳಿಯಿತು.

ಸೇನಾ ಬಿಲ್ಲೆಗಳ ಸಂಗ್ರಹವನ್ನು ಪದಕಗಳ ಸಂಗ್ರಹದೊಡನೆ ಬೆರೆಸುವುದು ಸಾಮಾನ್ಯವಾದ ತಪ್ಪು. ಪದಕವು ವ್ಯಕ್ತಿಗೆ ಸಲ್ಲುವಂಥದ್ದು, ಬ್ರಿಟಿಷ್ ಕಾಲದ ಬಹುಪಾಲು ಯುದ್ಧಪದಕಗಳ ಅಂಚಿನಲ್ಲಿ ಪಡೆದವನ ಹೆಸರೂ ಸಂಖ್ಯೆಯೂ ಕೊರೆದಿರುತ್ತವೆ. ಬಿಲ್ಲೆಯಾದರೋ ದಳಕ್ಕೆ ಸೇರಿದ್ದು, ಅನಾಮಧೇಯವಾದದ್ದು, ತೊಟ್ಟವನು ಯಾರೆಂಬುದನ್ನು ಅದು ಎಂದೂ ಹೇಳುವುದಿಲ್ಲ. ಆದ್ದರಿಂದ ಬಿಲ್ಲೆಯ ಸಂಗ್ರಾಹಕನಿಗೆ ವ್ಯಕ್ತಿಯ ಕಥೆಯ ಆಸರೆಯಿಲ್ಲ. ಲೋಹ, ಅಕ್ಷರ, ಕಿರೀಟ, ಕೊಂಡಿ ಇಷ್ಟನ್ನೇ ಓದಿ ಅವನು ಕಾಲವನ್ನೂ ಸ್ಥಳವನ್ನೂ ನಿರ್ಣಯಿಸಬೇಕಾಗುತ್ತದೆ.

ಈ ಹವ್ಯಾಸವು ಬಹಳ ಆಳವಾಗಿ ಬೇರೂರಿರುವ ದೇಶಗಳಲ್ಲಿ ದಕ್ಷಿಣ ಆಫ್ರಿಕವೂ ಒಂದು. ಎರಡೂ ಮಹಾಯುದ್ಧಗಳಲ್ಲಿ ಆ ದೇಶದ ಸೈನಿಕರು ಧರಿಸಿದ ಸ್ಪ್ರಿಂಗ್‌ಬಾಕ್ ಜಿಂಕೆಯ ತಲೆಯ ಬಿಲ್ಲೆಯಲ್ಲಿ ಒಗ್ಗಟ್ಟೇ ಬಲವೆಂಬ ಒಂದೇ ಮಾತನ್ನು ಇಂಗ್ಲಿಷಿನಲ್ಲಿಯೂ ಡಚ್ ಮೂಲದ ನುಡಿಯಲ್ಲಿಯೂ ಬರೆದಿದ್ದು, ಬೋಯರ್ ಯುದ್ಧದಲ್ಲಿ ಪರಸ್ಪರ ಕಾದಾಡಿದ ಎರಡು ಬಿಳಿಯ ಸಮುದಾಯಗಳು ರಾಜಿಯಾದ ಗುರುತು ಅದರಲ್ಲಿದೆ. ಅಲ್ಲಿಯ ಬಹುಸಂಖ್ಯಾತ ಕಪ್ಪು ಜನರ ಯಾವ ನುಡಿಗೂ ಅದರಲ್ಲಿ ಎಡೆಯಿಲ್ಲ. 1899ರಿಂದ 1902ರವರೆಗೆ ನಡೆದ ಆ ಯುದ್ಧದ ಬೋಯರ್ ಸೆರೆಯಾಳುಗಳನ್ನು ಭಾರತಕ್ಕೆ ತಂದು ಇರಿಸಿದ ಶಿಬಿರಗಳಲ್ಲಿ ಬಳ್ಳಾರಿಯೂ ಒಂದಾಗಿತ್ತೆಂಬುದನ್ನು ಬಿಟ್ಟರೆ, ಕನ್ನಡ ನಾಡಿಗೂ ಆ ಬಿಲ್ಲೆಗಳಿಗೂ ಇರುವ ನಂಟು ತೆಳುವಾದದ್ದೇ. ಅಂಥ ಬಿಲ್ಲೆಗಳನ್ನು ದೂರದಿಂದ ತರಿಸಿ ಗಾಜಿನ ಪೆಟ್ಟಿಗೆ ತುಂಬಿಸುವುದಕ್ಕಿಂತ, ಬೀದರಿನ ಸಂಗ್ರಾಹಕನು ತನ್ನ ನೆಲವನ್ನು ಆಳಿದ ಹೈದರಾಬಾದಿನ ಪಡೆಗಳ ಬಿಲ್ಲೆಗಳಿಗೆ ತನ್ನನ್ನು ಸೀಮಿತಗೊಳಿಸಿಕೊಳ್ಳುವುದು ಹೆಚ್ಚು ಫಲದಾಯಕ. ಸಂಖ್ಯೆ ಕಡಿಮೆಯಾದರೂ ಅವುಗಳ ಒಗಟು ದೊಡ್ಡದು.

ಆ ಒಗಟಿನ ಮೂಲ ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯಲ್ಲಿದೆ. ನಿಜಾಮನ ದರ್ಬಾರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ, ಎಂದರೆ ಕಂಪನಿ ಸರಕಾರದ ನಿವಾಸಿ ಪ್ರತಿನಿಧಿಯಾಗಿದ್ದ, ಹೆನ್ರಿ ರಸೆಲ್ ಎಂಬಾತನು 1813ರಲ್ಲಿ ತನ್ನ ಹೆಸರಿನಲ್ಲಿಯೇ ಒಂದು ಕಾಲಾಳು ಬ್ರಿಗೇಡನ್ನು ಕಟ್ಟಿದನು. ಅದಕ್ಕೂ ಮೊದಲು, 1788ರಲ್ಲಿ, ಎಲಿಚ್‌ಪುರದ ನವಾಬ ಸಲಾಬತ್ ಖಾನನು ಬೇರಾರದಲ್ಲಿ ಕಟ್ಟಿದ್ದ ತುಕಡಿಯೂ ಮುಂದೆ ಇದೇ ಪ್ರವಾಹಕ್ಕೆ ಸೇರಿತು. ಈ ಪಡೆಗೆ ನಿಜಾಮನು ಕೊಡಬೇಕಿದ್ದ ಸಂಬಳದ ಬಾಕಿ ಬೆಳೆದು ಸಾಲವಾಗಿ, ಆ ಸಾಲದ ನೆಪದಲ್ಲಿ 1853ರ ಒಪ್ಪಂದವಾಗಿ, ಬೇರಾರದೊಡನೆ ರಾಯಚೂರು ದೋಆಬವೂ ಬ್ರಿಟಿಷರ ಕೈಸೇರಿತು. ರಾಯಚೂರು ಸೀಮೆ 1860ರಲ್ಲಿ ಮರಳಿ ಬಂದಿತಾದರೂ ಬೇರಾರವು ಬರಲಿಲ್ಲ. ಹೆಸರು ಹೈದರಾಬಾದಿನದು, ಖರ್ಚು ನಿಜಾಮನದು, ಹುಕುಂ ರೆಸಿಡೆಂಟನದು ಎಂಬ ಈ ವಿಚಿತ್ರ ಪಡೆಯು 1903ರಲ್ಲಿ ಭಾರತೀಯ ಸೇನೆಯಲ್ಲಿ ಕರಗಿದಾಗ ಅದರ ಕಾಲಾಳು ದಳಗಳಿಗೆ 94ರಿಂದ 99ರವರೆಗಿನ ಸಂಖ್ಯೆಗಳು ದೊರೆತವು. ಮೊದಲಿನ ಎರಡು ದಳಗಳು 94ನೇ ಮತ್ತು 95ನೇ ರಸೆಲ್ಸ್ ಇನ್ಫಂಟ್ರಿ ಎಂದೂ ಮೂರನೆಯದು 96ನೇ ಬೇರಾರ್ ಇನ್ಫಂಟ್ರಿ ಎಂದೂ ಕರೆಯಲ್ಪಟ್ಟವು. ಕುದುರೆ ದಳಗಳಲ್ಲಿ ಒಂದಾದ 20ನೇ ಡೆಕ್ಕನ್ ಹಾರ್ಸ್ 1916ರ ಜುಲೈ 14ರಂದು ಫ್ರಾನ್ಸಿನ ಸೋಮ್ ಯುದ್ಧಭೂಮಿಯ ಹೈವುಡ್ ಬಳಿ, ಮೆಷಿನ್‌ಗನ್ನುಗಳ ಕಾಲದಲ್ಲಿಯೂ, ಭರ್ಜಿ ಹಿಡಿದು ಕುದುರೆ ಓಡಿಸಿತು.

1922ರಲ್ಲಿ ಕಾಲಾಳು ದಳಗಳು ಸೇರಿ 19ನೇ ಹೈದರಾಬಾದ್ ರೆಜಿಮೆಂಟ್ ಆಯಿತು. ಆ ಹೊತ್ತಿಗಾಗಲೇ ಭರತಿಯ ನೆಲೆ ದಖ್ಖನ್ನಿನಿಂದ ಸರಿದು ಹಿಮಾಲಯದ ಕುಮಾವೂ ಬೆಟ್ಟಗಳತ್ತ ಹೋಗಿತ್ತು. ಹೈದರಾಬಾದಿನ ಹೆಸರು ಹೊತ್ತ ದಳದಲ್ಲಿ ಹೈದರಾಬಾದಿನವರು ವಿರಳವಾಗಿ, 1945ರ ಅಕ್ಟೋಬರ್ 27ರಂದು ಅದು ಕುಮಾವೂ ರೆಜಿಮೆಂಟ್ ಎಂಬ ಹೊಸ ಹೆಸರನ್ನು ತಾಳಿತು. ಹೆಸರು ಹೋದರೂ ಗುರುತು ಹೋಗಲಿಲ್ಲ ಎಂಬುದೇ ಇಲ್ಲಿಯ ಸ್ವಾರಸ್ಯ. ಇಂದಿನ ಕುಮಾವೂ ರೆಜಿಮೆಂಟಿನ ಲಾಂಛನದಲ್ಲಿ ಶಿಲುಬೆ ಹಿಡಿದ ಸಿಂಹದ ಮೇಲರ್ಧವಿದ್ದು, ಹಿಂಗಾಲಿನ ಮೇಲೆ ಎದ್ದುನಿಂತ ಸಿಂಹವನ್ನು ನಡುವಿಗೆ ಕತ್ತರಿಸಿ ತೋರಿಸುವ ಈ ಭಂಗಿ ಯುರೋಪಿನ ವಂಶಲಾಂಛನಗಳ ಸಂಪ್ರದಾಯಕ್ಕೆ ಸೇರಿದ್ದಾಗಿದೆ. ಆ ಸಿಂಹವು ಬೆಟ್ಟದ್ದೂ ಅಲ್ಲ, ಅಶೋಕ ಸ್ತಂಭದ್ದೂ ಅಲ್ಲ, ರಸೆಲ್ ಮನೆತನದ್ದು. ಹೈದರಾಬಾದಿನಲ್ಲಿ ಒಂಬತ್ತು ವರ್ಷ ಅಧಿಕಾರ ನಡೆಸಿ 1820ರಲ್ಲಿ ಸ್ಥಾನ ಬಿಟ್ಟವನೊಬ್ಬನ ಕುಲದ ಗುರುತು, ಅವನ ಸಾಮ್ರಾಜ್ಯ ಮುಗಿದು ಮುಕ್ಕಾಲು ಶತಮಾನ ಕಳೆದ ಮೇಲೂ, ರಾಣಿಖೇತಿನಲ್ಲಿ ತರಬೇತಿ ಪಡೆದು ಸಂಸ್ಕೃತದ ‘ಪರಾಕ್ರಮೋ ವಿಜಯತೇ’ ಎಂಬ ಧ್ಯೇಯವಾಕ್ಯವನ್ನು ಹೇಳುವ ಸೈನಿಕನ ಟೋಪಿಯ ಮೇಲೆ ನಿಂತಿದೆ. ಕನ್ನಡಿಗರಿಗೆ ಈ ದಳವು ತೀರಾ ಪರಕೀಯವೂ ಅಲ್ಲ; ಕೊಡಗಿನ ಕೆ. ಎಸ್. ತಿಮ್ಮಯ್ಯನವರು 19ನೇ ಹೈದರಾಬಾದ್ ರೆಜಿಮೆಂಟಿನ ಅಧಿಕಾರಿಯಾಗಿದ್ದು, ಬರ್ಮಾ ರಣರಂಗದಲ್ಲಿ ಅದರ 8ನೇ ಬೆಟಾಲಿಯನ್ನನ್ನು ಮುನ್ನಡೆಸಿ, 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು.

ಕಂಟಿಂಜೆಂಟಿನಿಂದ ಸಂಪೂರ್ಣ ಬೇರೆಯಾಗಿ ನಿಜಾಮನ ಸ್ವಂತ ಪಡೆಗಳಿದ್ದವು. ಅವುಗಳಲ್ಲಿ ಹೈದರಾಬಾದ್ ಲ್ಯಾನ್ಸರ್ಸ್ ಎಂಬ ಭರ್ಜಿ ಕುದುರೆ ದಳವು ಮೊದಲ ಮಹಾಯುದ್ಧದಲ್ಲಿ ಮೈಸೂರು ಮತ್ತು ಜೋಧಪುರದ ಕುದುರೆ ದಳಗಳೊಡನೆ ಪ್ಯಾಲೆಸ್ಟೈನಿನವರೆಗೆ ಹೋಗಿತ್ತು. ದೆಹಲಿಯ ತೀನ್‌ಮೂರ್ತಿಯ ಮೂವರು ಕಂಚಿನ ಸೈನಿಕರು ಈ ಮೂರು ಸಂಸ್ಥಾನಗಳನ್ನು ಪ್ರತಿನಿಧಿಸುತ್ತಾರೆ. ಮೈಸೂರಿನ ರಾಜಲಾಂಛನದಲ್ಲಿ ಗಂಡಭೇರುಂಡವಿದ್ದರೆ ಹೈದರಾಬಾದಿನದರಲ್ಲಿ ಅಸಫ್‌ಜಾಹಿ ದಸ್ತಾರ್, ಎಂದರೆ ನಿಜಾಮನು ಧರಿಸುತ್ತಿದ್ದ ವಿಶಿಷ್ಟ ಪೇಟ, ಮೇಲ್ಗಡೆ ಕುಳಿತಿದೆ. ಕಂಟಿಂಜೆಂಟಿಗೂ ನಿಜಾಮನ ಸ್ವಂತ ಪಡೆಗಳಿಗೂ ಇರುವ ವ್ಯತ್ಯಾಸವನ್ನು ಅರಿಯದೆ ಹೈದರಾಬಾದ್ ಎಂಬ ಹೆಸರಿರುವುದೆಲ್ಲ ನಿಜಾಮನ ಸೈನ್ಯದ್ದೆಂದು ಬಗೆಯುವವರು ಹಳೆಯ ಸಂಗ್ರಾಹಕರಲ್ಲಿಯೂ ಉಂಟು.

ಕಾಲನಿರ್ಣಯದ ಮೊದಲ ಸಾಧನ ಕಿರೀಟ. ವಿಕ್ಟೋರಿಯಾ ಕಾಲದ ಕಿರೀಟವು 1901ರಲ್ಲಿ ಮುಗಿದು ಕಮಾನು ದುಂಡಾಗಿರುವ ಟ್ಯೂಡರ್ ಕಿರೀಟವು ಬಂದಿತು; ಕಮಾನಿನ ನಡು ತಗ್ಗಿರುವ ಸೇಂಟ್ ಎಡ್ವರ್ಡ್ ಕಿರೀಟವು ಬಳಕೆಗೆ ಬಂದದ್ದು 1952ರ ನಂತರ, ಅಷ್ಟರಲ್ಲಿ ಭಾರತವು 1950ರಲ್ಲಿಯೇ ಗಣರಾಜ್ಯವಾಗಿ ಕಿರೀಟದ ಸ್ಥಾನಕ್ಕೆ ಅಶೋಕನ ಸಿಂಹಗಳನ್ನು ತಂದಿತ್ತು. ಎರಡನೆಯ ಸಾಧನ ಸಂಖ್ಯೆ: 94 ಎಂದಿದ್ದರೆ 1903ರಿಂದ 1922, ಹೈದರಾಬಾದ್ ಹೆಸರಿನೊಡನೆ 19 ಎಂದಿದ್ದರೆ 1922ರಿಂದ 1945. ಇವೆರಡನ್ನೂ ಕೂಡಿಸಿದಾಗ ಲೆಕ್ಕವು ಬಿಗಿಯಾಗುತ್ತದೆ. ಕಂಟಿಂಜೆಂಟ್ ಎಂಬ ಹೆಸರಿನೊಡನೆ ಟ್ಯೂಡರ್ ಕಿರೀಟವಿದ್ದರೆ ಅದರ ಆಯುಷ್ಯ ಎರಡು ವರ್ಷದ ಆಸುಪಾಸು ಮಾತ್ರ. ಕುಮಾವೂ ಎಂಬ ಹೆಸರಿನೊಡನೆ ಅದೇ ಕಿರೀಟವಿರುವ ಗುಂಡಿಯೊಂದು ದೊರೆತರೆ ಅದು 1945 ಮತ್ತು 1950ರ ನಡುವಿನದು. ಹೈದರಾಬಾದ್ ರೆಜಿಮೆಂಟಿನ ಹೆಸರಿನೊಡನೆ ಎಡ್ವರ್ಡ್ ಕಿರೀಟವಿದ್ದರೆ ಮಾತೇ ಬೇಕಿಲ್ಲ, ಅದು ಖೋಟಾ. ಈ ಬಗೆಯ ಓದು ಬೀದರಿಗೆ ಹೊಸದೇನಲ್ಲ: ಚಾರ್‌ಮಿನಾರ್ ಚಿತ್ರದ ಹೈದರಾಬಾದಿನ ಹಾಲಿ ಸಿಕ್ಕಾ ರೂಪಾಯಿಯ ಬಾಗಿಲೊಳಗೆ ಮೀಮ್ ಅಕ್ಷರವಿದ್ದರೆ ನಿಜಾಮ ಮಹಬೂಬ್ ಅಲಿ ಖಾನನ ಕಾಲ, ಐನ್ ಇದ್ದರೆ ಉಸ್ಮಾನ್ ಅಲಿ ಖಾನನ ಕಾಲ ಎಂಬುದನ್ನು ಇಲ್ಲಿಯ ಸರಾಫರು ಬೆರಳ ತುದಿಯಲ್ಲಿಯೇ ಬಲ್ಲವರಾಗಿದ್ದರು.

ಆದರೆ ಮುಖವನ್ನು ಅನುಕರಿಸುವುದು ಸುಲಭ. ಬಿಲ್ಲೆಯು ನಿಜ ನುಡಿಯುವುದು ತನ್ನ ಬೆನ್ನಿನಿಂದ. ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ತೆಳುವಾದ ಲೋಹದ ತಗಡನ್ನು ಉಕ್ಕಿನ ಅಚ್ಚುಗಳ ನಡುವೆ ಒತ್ತಿ ತಯಾರಿಸಿದ ಬಿಲ್ಲೆಯನ್ನು ಮಗುಚಿದರೆ ಮುಂಭಾಗದ ಉಬ್ಬುಗಳೆಲ್ಲ ಹಿಂಭಾಗದಲ್ಲಿ ಗುಳಿಗಳಾಗಿ ಕಾಣುತ್ತವೆ, ಅಂಚು ಚೂಪಾಗಿರುತ್ತದೆ, ಟೋಪಿಗೆ ಸಿಕ್ಕಿಸುವ ಪಟ್ಟಿಯಾಗಲಿ ಕೊಂಡಿಗಳಾಗಲಿ ಅಚ್ಚುಕಟ್ಟಾಗಿ ಬೆಸೆದಿರುತ್ತವೆ. ಭಾರತದ ದಂಡುಪ್ರದೇಶಗಳ ಬಜಾರುಗಳಲ್ಲಿ ಕಂಚುಗಾರರು ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ ಬಿಲ್ಲೆಯು ಇದಕ್ಕೆ ತೀರಾ ವಿರುದ್ಧ: ದಪ್ಪ, ಭಾರ, ಬೆನ್ನು ಸಮತಟ್ಟು, ಮೈಮೇಲೆ ಮರಳಿನ ಕಣಕಣವಾದ ಗುರುತು, ಅಂಚಿನಲ್ಲಿ ಅರ ಎಳೆದ ಗೀರು. ಪಶ್ಚಿಮದ ಸಂಗ್ರಾಹಕರು ಎರಕದ ಬಿಲ್ಲೆಯನ್ನು ಕಂಡೊಡನೆ ನಕಲೆಂದು ತಳ್ಳಿಹಾಕುವ ರೂಢಿಯು ಬ್ರಿಟಿಷ್ ದಳಗಳ ಮಟ್ಟಿಗೆ ಸರಿಯಿರಬಹುದು. ಭಾರತೀಯ ದಳಗಳ ವಿಷಯದಲ್ಲಿ ಅದು ಅವಸರದ ತೀರ್ಪು, ಏಕೆಂದರೆ ಇಲ್ಲಿ ಬಜಾರಿನ ಎರಕವೇ ಅನೇಕ ವೇಳೆ ಅಸಲು.

ಎರಕದಲ್ಲಿ ಹಳತು ಯಾವುದು, ನಿನ್ನೆಯದು ಯಾವುದು ಎಂದು ಬೇರ್ಪಡಿಸುವ ಕಣ್ಣು ಬೀದರಿನಲ್ಲಿ ಇರಬೇಕಾದುದು ಸಹಜ. ಬಿದರಿ ಕಸುಬಿನಲ್ಲಿಯೂ ಮೊದಲ ಕೆಲಸ ಎರಕವೇ ಆಗಿದ್ದು, ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಹೊಯ್ದು, ಉಜ್ಜಿ ನಯಗೊಳಿಸಿ, ಮೈಲುತುತ್ತದಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಉಳಿಯಿಂದ ಚಿತ್ತಾರ ಕೊರೆದು, ಆ ಗೀರಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ಪಾಕದಿಂದ ಲೋಹವನ್ನು ಶಾಶ್ವತವಾಗಿ ಕಪ್ಪಾಗಿಸುತ್ತಾರೆ. ಕೈಯಿಂದ ಕೊರೆದ ಗೀರಿನ ತಳ ಚೂಪು, ಎರಕದಲ್ಲಿ ಮೂಡಿದ ಗೀರಿನ ತಳ ಮೊಂಡು ಎಂಬ ಭೇದವನ್ನು ದಿನವೂ ನೋಡುವ ಕುಶಲಕರ್ಮಿಗೆ, ಅಸಲಿ ಬಿಲ್ಲೆಯನ್ನೇ ಅಚ್ಚಾಗಿಟ್ಟು ಹೊಯ್ದ ನಕಲಿನ ಅಕ್ಷರಗಳು ಏಕೆ ಮಂಕಾಗಿವೆಯೆಂದು ವಿವರಿಸಬೇಕಾಗಿಲ್ಲ. ಅಂಥ ನಕಲು, ಲೋಹವು ತಣಿಯುವಾಗ ಕುಗ್ಗುವುದರಿಂದ, ಮೂಲಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿಯೂ ಇರುತ್ತದೆ. ಅಳೆಯುವ ಸಾಧನವೊಂದು ಜೇಬಿನಲ್ಲಿದ್ದರೆ ಅನೇಕ ವಾದಗಳು ಅಲ್ಲಿಯೇ ಮುಗಿಯುತ್ತವೆ.

ಲೋಹದ ಮೇಲೆ ಕಾಲವು ಕೂರಿಸಿದ ಕಂದು ಪೊರೆಯನ್ನು ಬಿದರಿಯ ಊರು ಗೌರವಿಸಬೇಕಾಗಿತ್ತು. ಆದರೆ ಹಬ್ಬದ ಮುನ್ನಾದಿನ ಹಿತ್ತಾಳೆಯ ಕೊಡಗಳೊಡನೆ ಅಜ್ಜನ ಬಿಲ್ಲೆಯನ್ನೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವ ಮನೆಗಳು ಕಡಿಮೆಯಿಲ್ಲ. ಹೀಗೆ ತಿಕ್ಕಿದ ಬಿಲ್ಲೆ ಫಳಫಳಿಸುವುದು ನಿಜ, ಜೊತೆಗೆ ಸಿಂಹದ ಮೂಗೂ ಸವೆದುಹೋಗಿರುತ್ತದೆ. ಮೆತ್ತನೆಯ ಒಣ ಬಟ್ಟೆಯಿಂದ ಧೂಳು ಒರೆಸುವುದರ ಆಚೆಗೆ ಏನನ್ನೂ ಮಾಡದಿರುವುದೇ ಉತ್ತಮ ಸಂರಕ್ಷಣೆ.

ಭಾಲ್ಕಿ ಮತ್ತು ಔರಾದದಂಥ ಗಡಿ ಊರುಗಳಲ್ಲಿ ಹಳೆಯ ಲೋಹವು ಕೈಬದಲಾಗುವ ಜಾಗವೆಂದರೆ ಹಳೆ ಪಾತ್ರೆಯ ಅಂಗಡಿ ಮತ್ತು ಗುಜರಿ, ಇಲ್ಲಿಯ ಮಾತಿನಲ್ಲಿ ಹೇಳುವುದಾದರೆ ಭಂಗಾರದ ಅಂಗಡಿ. ಭಂಗಾರಕ್ಕೂ ಬಂಗಾರಕ್ಕೂ ಇರುವ ಅಂತರ ಒಂದು ಮಹಾಪ್ರಾಣ ಮಾತ್ರ. ಆ ಮಹಾಪ್ರಾಣವನ್ನು ಕಳೆಯುವುದು ನೋಡುವ ಕಣ್ಣಿಗೆ ಬಿಟ್ಟ ವಿಷಯ, ಏಕೆಂದರೆ ತಕ್ಕಡಿಗೆ ಚಪ್ರಾಸಿಯ ಬಿಲ್ಲೆಯೂ ಮುರಿದ ತಂಬಿಗೆಯೂ ಒಂದೇ. ಔರಾದ ಸೀಮೆಯಲ್ಲಿ ದೊರೆತ ವಸ್ತುವನ್ನು ಇಂದಿನ ಜಿಲ್ಲೆಯ ಗೆರೆಯೊಳಗೇ ಇಟ್ಟು ನೋಡುವುದೂ ಸಲ್ಲದು; 1956ರ ಪುನರ್ವಿಂಗಡಣೆಗೆ ಮುನ್ನ ಉದಗೀರ, ನಿಲಂಗಾಗಳೂ ಬೀದರ್ ಜಿಲ್ಲೆಯಲ್ಲಿಯೇ ಇದ್ದವು.

ಹೈದರಾಬಾದ್ ಸಂಸ್ಥಾನದ ಲಾಂಛನಗಳು ಈ ಜಿಲ್ಲೆಯಲ್ಲಿ ಬರಿಯ ಕುತೂಹಲದ ವಸ್ತುಗಳಾಗಿ ಉಳಿಯಲಾರವು. 1948ರ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ನಿಜಾಮನ ಪರವಾಗಿದ್ದ ರಜಾಕಾರರು ನಡೆಸಿದ ಹತ್ಯಾಕಾಂಡದ ನೆನಪು ಮನೆಮನೆಗಳಲ್ಲಿರುವಾಗ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭಾರತೀಯ ಸೇನೆಯ ಐದು ದಿನಗಳ ಕಾರ್ಯಾಚರಣೆಯಿಂದ ಮುಗಿದ ಆಳ್ವಿಕೆಯ ದಸ್ತಾರ್ ಗುರುತಿನ ಗುಂಡಿಯೊಂದನ್ನು ಚೆಂದವೆಂದು ಮೆಚ್ಚುವ ಮೊದಲು ಸಂಗ್ರಾಹಕನು ಎರಡು ಬಾರಿ ಯೋಚಿಸಬೇಕಾಗುತ್ತದೆ. ಮೆಚ್ಚದೆಯೂ ಜೋಪಾನ ಮಾಡಬಹುದೆಂಬುದು ಬೇರೆ ಮಾತು. ಸಂಸ್ಥಾನದ ಆಡಳಿತ ಭಾಷೆ ಉರ್ದುವಾಗಿತ್ತು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಆ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರೆಂಬುದು ನಾಡೆಲ್ಲ ಬಲ್ಲ ಸಂಗತಿಯಾಗಿದ್ದು, ಬೆನ್ನನ್ನು ನೋಡದೆ ಮುಖವನ್ನು ನಂಬಬಾರದೆಂಬ ಬಿಲ್ಲೆಯ ನಿಯಮವು ಆ ಫಲಕಕ್ಕೂ ಅನ್ವಯಿಸುತ್ತದೆ.

ಕಾನೂನಿನ ಎರಡು ಎಚ್ಚರಿಕೆಗಳು ಅಗತ್ಯ. ನೂರು ವರ್ಷ ತುಂಬಿದ, ಐತಿಹಾಸಿಕ ಆಸಕ್ತಿಯ ವಸ್ತುವು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರಬಹುದಾದ್ದರಿಂದ, ಕಂಟಿಂಜೆಂಟ್ ಕಾಲದ ಬಿಲ್ಲೆಯನ್ನು ಹೊರದೇಶದ ಕೊಳ್ಳುಗನಿಗೆ ಅಂಚೆಯಲ್ಲಿ ಕಳಿಸುವುದು ಅಪರಾಧವಾಗಬಹುದು. ಸೈನಿಕನೆಂದು ಇತರರು ನಂಬಲೆಂಬ ಉದ್ದೇಶದಿಂದ ಸೇನೆಯ ಉಡುಪನ್ನಾಗಲಿ ಗುರುತನ್ನಾಗಲಿ ಧರಿಸುವುದೂ ದಂಡನೀಯ; ಪೆಟ್ಟಿಗೆಯಲ್ಲಿಡುವುದಕ್ಕೆ ಅಡ್ಡಿಯಿಲ್ಲ.

ಈ ಎರಡನೆಯ ಎಚ್ಚರಿಕೆ ಬೀದರ್ ನಗರದಲ್ಲಿ ಹೆಚ್ಚು ಪ್ರಸ್ತುತ, ಏಕೆಂದರೆ ಇಲ್ಲಿಯ ವಾಯುಪಡೆ ನೆಲೆಯ ದೆಸೆಯಿಂದ ಹೊಸ ಪೀಳಿಗೆಯ ಸಂಗ್ರಾಹಕರ ಕಣ್ಣು ಲೋಹವನ್ನು ಬಿಟ್ಟು ಕಸೂತಿಯ ಬಟ್ಟೆಪಟ್ಟಿಗಳತ್ತ ಹೊರಳಿದೆ. 1996ರಲ್ಲಿ ಬೀದರಿನಲ್ಲಿ ರೂಪುಗೊಂಡ ಸೂರ್ಯಕಿರಣ ವೈಮಾನಿಕ ಕಸರತ್ತಿನ ತಂಡವು 2011ರವರೆಗೆ ಕಿರಣ್ ವಿಮಾನಗಳನ್ನು ಹಾರಿಸಿ, ಕೆಲಕಾಲ ನಿಂತು, ಮತ್ತೆ ಹಾಕ್ ವಿಮಾನಗಳೊಡನೆ ಆಕಾಶಕ್ಕೇರಿತು. ಆದ್ದರಿಂದ ವಿಮಾನದ ಆಕೃತಿಯಿರುವ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ರೆಕ್ಕೆಯನ್ನು. ಕಿರಣ್ ವಿಮಾನದ ರೆಕ್ಕೆ ಬಹುಮಟ್ಟಿಗೆ ನೇರ, ಹಾಕ್ ವಿಮಾನದ್ದು ಹಿಂದಕ್ಕೆ ಬಾಗಿದ್ದು. ಆ ಬಳಿಕ ಪಟ್ಟಿಯನ್ನು ಮಗುಚಿ ನೋಡಬೇಕು: ಕೈಯಿಂದ ಹೊಲಿದದ್ದಾದರೆ ದಾರದ ಗಂಟುಗಳು ಒಂದರಂತೆ ಇನ್ನೊಂದು ಇರುವುದಿಲ್ಲ; ಯಂತ್ರದ್ದಾದರೆ ಬಿಳಿಯ ಅಡಿದಾರವು ಸಾಲಾಗಿ ಓಡಿರುತ್ತದೆ.