ಒಣಗಿದ ಮೇಲಿನ ಉರಿ

ಮಾನ್ವಿ ಕಡೆಯ ನಮ್ಮ ಬೀಗರ ಮನೆಯ ಹಿರಿಯರೊಬ್ಬರು ಮೇ ತಿಂಗಳ ಮಧ್ಯಾಹ್ನ ಫ್ಯಾನಿನ ಮುಖವನ್ನು ಗೋಡೆಗೆ ತಿರುಗಿಸಿ ಕೂತಿದ್ದರು. ಎರಡು ಬೆರಳಲ್ಲಿ ಬನಿಯನ್ನನ್ನು ಪಕ್ಕೆಯಿಂದ ದೂರ ಎಳೆದು ಹಿಡಿದಿದ್ದರು. ಸರ್ಪಸುತ್ತು ಒಣಗಿ ನಾಲ್ಕು ತಿಂಗಳಾಗಿತ್ತು, ಉಳಿದದ್ದು ನಾಲ್ಕಾರು ಕಂದು ಕಲೆ. “ಗಾಳಿ ತಾಕಿದ್ರ ಕೆಂಡ ಇಟ್ಟಂಗ ಆಗ್ತದ ನೋಡ್ರಿ” ಅಂದರು. ರಾಯಚೂರು ಸೀಮೆಯ ಬಿಸಿಲಲ್ಲಿ ಗಾಳಿಯನ್ನೇ ಒಲ್ಲೆ ಅನ್ನಿಸುವ ನೋವು ಅದು. ಸಕ್ಕರೆ ಕಾಯಿಲೆ ಬೇರೆ, ಬಹಳ ವರ್ಷದ್ದು.

ಮೊದಲು ಅವರಿಗೆ ಆದದ್ದು ದೇವದುರ್ಗದಲ್ಲೂ ಮಾನ್ವಿಯಲ್ಲೂ ಯಾರಿಗಾದರೂ ಆಗುವುದೇ: ಜಾಜು ಕಲಸಿ ಗುಳ್ಳೆಯ ಮೇಲೆ ಬಳಿದು ಮಂತ್ರ ಹಾಕಿಸುವುದು. ಸರ್ಪದ ಬಾಯಿ ಬಾಲ ಕೂಡಿದರೆ ಜೀವ ಉಳಿಯುವುದಿಲ್ಲ, ಕೂಡದಂತೆ ತಡೆಯಬೇಕು ಎಂಬ ನಂಬಿಕೆ. ಆದರೆ ಈ ಕಾಯಿಲೆ ನರದ ಬೇರಿನಿಂದ ಹೊರಟು ಆ ನರ ಹರಿದಷ್ಟೇ ಚರ್ಮವನ್ನು ಹಿಡಿಯುತ್ತದೆ. ಎಡದ ನರ ಎಡಕ್ಕೆ, ಬಲದ್ದು ಬಲಕ್ಕೆ. ನಡುಗೆರೆ ದಾಟಿ ಸುತ್ತು ಹಾಕುವುದು ತೀರ ಅಪರೂಪ. ಗುಳ್ಳೆಗಳೂ ಎರಡರಿಂದ ನಾಲ್ಕು ವಾರದಲ್ಲಿ ತಾವಾಗಿ ಒಣಗುತ್ತವೆ. ಹೀಗೆ ಬರದ ಅಪಾಯವನ್ನು ತಡೆದ, ತಾನಾಗಿ ಮಾಯುವುದನ್ನು ಮಾಯಿಸಿದ ಹೆಸರು ಮಂತ್ರಕ್ಕೆ ಸಲ್ಲುತ್ತದೆ.

ಹಾಗಂತ ‘ಸರ್ಪಸುತ್ತು’ ಎಂದು ಹೆಸರಿಟ್ಟವರನ್ನು ನೋಡಿ ನಗಬೇಕಿಲ್ಲ. ವೈದ್ಯರು ಬರೆಯುವ ‘ಹರ್ಪಿಸ್ ಜೋಸ್ಟರ್’ ಗ್ರೀಕ್ ಮಾತು. ಹರ್ಪಿಸ್ ಎಂದರೆ ಹರಿದಾಡುವುದು, ನಮ್ಮ ‘ಸರ್ಪ’ದ್ದೂ ಅದೇ ಧಾತು. ಜೋಸ್ಟರ್ ಎಂದರೆ ನಡುಪಟ್ಟಿ. ಎರಡು ಕಡೆಯವರೂ ಕಂಡದ್ದು ಒಂದೇ ಚಿತ್ರ. ಇದು ಬಾಲ್ಯದಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಾಣುವೇ, ನರದ ಬೇರಿನಲ್ಲಿ ಅಡಗಿದ್ದು ಮುಪ್ಪಿನಲ್ಲಿ ಮತ್ತೆ ಏಳುತ್ತದೆ ಎಂಬ ವಾದವನ್ನು 1965ರಲ್ಲಿ ಗಟ್ಟಿಯಾಗಿ ಮುಂದಿಟ್ಟವನು ಹೋಪ್-ಸಿಂಪ್ಸನ್ ಎಂಬ ಇಂಗ್ಲೆಂಡಿನ ಊರವೈದ್ಯ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದು ಏಳುವುದೂ ಹೆಚ್ಚು, ನೋವು ಉಳಿದುಬಿಡುವುದೂ ಹೆಚ್ಚು.

ಜಾಜಿನ ಮೇಲೆ ನನ್ನ ತಕರಾರು ಮಣ್ಣಿನದಲ್ಲ, ದಿನಗಳದ್ದು. ವೈರಾಣುವನ್ನು ತಡೆಯುವ ಗುಳಿಗೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅಸೈಕ್ಲೋವಿರ್ 800 ಮಿಲಿಗ್ರಾಂ ದಿನಕ್ಕೆ ಐದು ಸಲ, ಏಳು ದಿನ, ಒಟ್ಟು 35 ಗುಳಿಗೆ. ಆ ಮೂರು ದಿನ ಮಂತ್ರದವರ ವಾರ-ತಿಥಿಯಲ್ಲಿ ಕಳೆದುಹೋಗುತ್ತವೆ. ಹಳ್ಳಿಯಿಂದ ದೇವದುರ್ಗಕ್ಕೆ, ಅಲ್ಲಿಂದ 50 ಕಿಲೋಮೀಟರ್ ದಾಟಿ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಬರುವ ಹೊತ್ತಿಗೆ ವಾರವಾಗಿರುತ್ತದೆ. ಹಣೆಯಲ್ಲೋ ಮೂಗಿನ ತುದಿಯಲ್ಲೋ ಗುಳ್ಳೆ ಎದ್ದವರಿಗಂತೂ ಕಣ್ಣೇ ಹೋಗಬಹುದು.

ನಡುವೆ ‘ಸೂಜಿ’ ಬರುತ್ತದೆ. ಉರಿಗೆಂದು ಊರಲ್ಲಿ ಚುಚ್ಚುವ ಡೈಕ್ಲೋಫೆನಾಕ್ ಸಕ್ಕರೆಯಿಂದ ಮೊದಲೇ ಬಳಲಿದ ಮೂತ್ರಪಿಂಡಕ್ಕೆ ಭಾರ. ಸ್ಟೆರಾಯ್ಡ್ ಕೊಟ್ಟರೆ ಸಕ್ಕರೆ ಏರುತ್ತದೆ. ಅಷ್ಟಾಗಿಯೂ ಮುಂದೆ ಉಳಿಯುವ ನರನೋವನ್ನು ಅದು ತಡೆಯುವುದಿಲ್ಲ. ಮಂತ್ರಕ್ಕಿಂತ ಇದೇ ಹೆಚ್ಚು ಅಪಾಯ ಎಂದು ನನಗನ್ನಿಸುತ್ತದೆ. ಜಾಜು ತೊಳೆದರೆ ಹೋದೀತು.

ದವಾಖಾನೆಯನ್ನೂ ಇದೇ ತಕ್ಕಡಿಯಲ್ಲಿಡಬೇಕು. ನಮ್ಮ ಹಿರಿಯರನ್ನು ನೋಡಿದ ಒಂದು ದವಾಖಾನೆಯ ಚೀಟಿಯಲ್ಲಿ ಕೊನೆಯ ಸಾಲು ‘ಗುಳ್ಳೆ ಒಣಗಿವೆ’. ಮಂತ್ರದವನೂ ಅಷ್ಟನ್ನೇ ನೋಡಿ ಕಾಯಿ ಒಡೆಸಿದ್ದ. ಚರ್ಮ ಮಾಯ್ದಲ್ಲಿಗೆ ಇಬ್ಬರ ಲೆಕ್ಕವೂ ಮುಗಿದಿತ್ತು. ಆದರೆ ಮೂರು ತಿಂಗಳು ದಾಟಿಯೂ ಉಳಿದ ಉರಿ ಬೇರೆಯದೇ ಕಾಯಿಲೆ. ಪೆಟ್ಟುತಿಂದ ನರ ಬಟ್ಟೆ ಸೋಕಿದ್ದನ್ನೂ ಬೆಂಕಿಯೆಂದು ಮೆದುಳಿಗೆ ಹೇಳುತ್ತಿರುತ್ತದೆ. ಅದಕ್ಕೆ ಮದ್ದಿಲ್ಲ ಎಂದಲ್ಲ: ಗಾಬಪೆಂಟಿನ್, ಪ್ರೀಗಾಬಾಲಿನ್, ರಾತ್ರಿ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್, ಮೇಲೆ ಅಂಟಿಸುವ ಲಿಡೋಕೇನ್ ಪಟ್ಟಿ. (ಮೆಣಸಿನಕಾಯಿಯ ಖಾರದ ಅಂಶದಿಂದ ಮಾಡಿದ ಪಟ್ಟಿಯೂ ಇದೆ. ಮೆಣಸಿನಕಾಯಿ ಬೆಳೆಯುವ ನಮ್ಮವರು ಇದನ್ನು ಕೇಳಿ ಖಾರ ಅರೆದು ಹಚ್ಚಿಕೊಂಡಾರು, ಬೇಡ.)

ಈ ಮದ್ದುಗಳನ್ನು ಕೊಡುವುದರಲ್ಲೇ ಕುಶಲತೆ ಇರುವುದು. ನಮ್ಮ ಹಿರಿಯರು ಪಾದದ ಉರಿಗೆಂದು ಮೊದಲೇ ‘ನರದ ಗುಳಿಗೆ’ ನುಂಗುತ್ತಿದ್ದರು, ಅದರಲ್ಲೂ ಪ್ರೀಗಾಬಾಲಿನ್ ಇತ್ತು. ಹೊಸ ಚೀಟಿ ಬರೆದವರು ಹಳೆಯ ಡಬ್ಬಿ ಕೇಳಲಿಲ್ಲ. ಎರಡೂ ಕೂಡಿ ತಲೆ ಸುತ್ತಿ, ರಾತ್ರಿ ಬಚ್ಚಲಿಗೆ ಹೋಗುವಾಗ ಹೊಸ್ತಿಲ ಬಳಿ ಬಿದ್ದರು. ಪ್ರೀಗಾಬಾಲಿನ್, ಗಾಬಪೆಂಟಿನ್‌ಗಳನ್ನೂ ಅಸೈಕ್ಲೋವಿರನ್ನೂ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿಯೇ ಅಳೆಯಬೇಕು. ಅಮಿಟ್ರಿಪ್ಟಿಲಿನ್‌ನಿಂದ ಪ್ರಾಸ್ಟೇಟ್ ಊದಿದ ಮುದುಕರಿಗೆ ಮೂತ್ರ ಕಟ್ಟಬಹುದು. ಇನ್ನೊಂದು, ಯಾರೂ ಕೇಳದ್ದು: ನೋವಿಗೆ ರೊಟ್ಟಿ ಒಳಗೆ ಇಳಿಯುವುದಿಲ್ಲ, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರ ರೂಢಿಯಂತೆ ಇಳಿಯುತ್ತದೆ. ಸಕ್ಕರೆ ತೀರ ಕುಸಿದು, ಬೆವರಿ, ಕೈ ನಡುಗಿ ಬಿದ್ದರೆ ಅದೂ ಸರ್ಪದ ಕಾಟವೆಂದೇ ಮನೆಯವರ ಲೆಕ್ಕ.

ತಡೆಯುವ ಲಸಿಕೆ ಶಿಂಗ್ರಿಕ್ಸ್ 2023ರಲ್ಲಿ ಭಾರತಕ್ಕೆ ಬಂತು. 50 ದಾಟಿದವರಿಗೆ ಎರಡು ಡೋಸು, ನಡುವೆ ಎರಡರಿಂದ ಆರು ತಿಂಗಳು. 70 ದಾಟಿದವರಲ್ಲೂ ಸುಮಾರು ಪ್ರತಿಶತ 90ರಷ್ಟು ರಕ್ಷಣೆ ಎಂದು ಪ್ರಯೋಗಗಳು ತೋರಿಸಿವೆ. ಆದರೆ ಒಂದೊಂದು ಡೋಸಿಗೂ ಸಾವಿರಗಟ್ಟಲೆ ರೂಪಾಯಿ. ತಿಂಗಳ ಸಕ್ಕರೆ ಗುಳಿಗೆಗೆ ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವರಿಗೆ ಅದು ಇದ್ದೂ ಇಲ್ಲದ್ದು. ಬದಲಿಗೆ ಆ ಸಾಲಿನಲ್ಲೇ ಒಂದು ಮಾತು ಹೇಳಿ ಕಳಿಸಬಹುದು: ಒಂದೇ ಪಕ್ಕಕ್ಕೆ ಉರಿದು ಗುಳ್ಳೆ ಎದ್ದರೆ ಮರುದಿನವೇ ಬರ್ರಿ, ಜಾಜು ಆಮೇಲೆ ಹಚ್ಚಿಸ್ಕೊಳ್ರಿ.

ನರದ ಗುಳಿಗೆಯ ಡೋಸು ತಗ್ಗಿಸಿ ಮತ್ತೆ ಶುರು ಮಾಡಿದ ಮೇಲೆ ನಮ್ಮ ಹಿರಿಯರಿಗೆ ಈಗ ರಾತ್ರಿ ನಾಲ್ಕೈದು ತಾಸು ನಿದ್ದೆ ಹತ್ತುತ್ತದಂತೆ. ಫ್ಯಾನು ಮಾತ್ರ ಇನ್ನೂ ಗೋಡೆ ಕಡೆಗೇ ಇದೆ.