ಸೋಂದೆಗೆ ಒಂದು ತಾಸು ಸಾಲದು

ಶಿರಸಿಗೆ ಬರುವ ಪ್ರವಾಸಿಗರ ಪಟ್ಟಿ ಹೆಚ್ಚೂಕಡಿಮೆ ಒಂದೇ. ಬೆಳಿಗ್ಗೆ ಮಾರಿಕಾಂಬೆ, ಆಮೇಲೆ ಬನವಾಸಿ, ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಸೋಂದೆ ಮಠ, ಬೆಳಕಿರುವಾಗಲೇ ಜೋಗ. ಹೀಗೆ ಓಡಿದವರನ್ನು ಮರುವಾರ ಕೇಳಿದರೆ ಮಠದ ಸಾರಿನ ರುಚಿ ಹೇಳುತ್ತಾರೆ, ದೇವಸ್ಥಾನದ್ದು ಬಾಯಿಗೆ ಬರುವುದಿಲ್ಲ. ತಪ್ಪು ಅವರದ್ದಲ್ಲ. ಬೇಲೂರು, ಹಳೇಬೀಡಿನ ಕುಸುರಿ ಕೆಲಸ ಇಲ್ಲಿಲ್ಲ. ಕಣ್ಣಿಗೆ ಹೊಡೆಯುವಂಥದ್ದು ಕಡಿಮೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಗುಡಿಗಳ ಸೊಗಸೇ ಬೇರೆ: ಒಬ್ಬ ಅರಸ ಕಟ್ಟಿದ್ದಕ್ಕೆ ಇನ್ನೊಬ್ಬ ಸೇರಿಸಿದ್ದು, ಮತ್ತೊಬ್ಬ ತಿದ್ದಿದ್ದು, ಇವತ್ತಿಗೂ ಪೂಜೆ ನಿಲ್ಲದೆ ನಡೆದುಬಂದದ್ದು.

ಬನವಾಸಿಯ ಮಧುಕೇಶ್ವರವನ್ನೇ ನೋಡಿ. ಊರು ಕದಂಬರ ರಾಜಧಾನಿ, ಮಂಟಪದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕೈಕೆಲಸ, ಕಲ್ಲಿನ ಮಂಚ ಸೋಂದೆ ಅರಸರ ಕಾಲದ್ದು. ಗೈಡುಗಳು ನಂದಿಯ ಕಣ್ಣು ತೋರಿಸುತ್ತಾರೆ, ಕನ್ನಡಿಯಂತೆ ಹೊಳೆಯುವ ಕಂಬದಲ್ಲಿ ನಿಮ್ಮ ನೆರಳನ್ನು ತಲೆಕೆಳಗಾಗಿ ತೋರಿಸುತ್ತಾರೆ. ಅದೆಲ್ಲ ಆಗಲಿ. ಆದರೆ ಪ್ರಾಕಾರದಲ್ಲಿರುವ ನಾಗಶಿಲೆಯ ಮುಂದೆ ನಿಲ್ಲದೆ ಹೊರಬರಬೇಡಿ. ಐದು ಹೆಡೆಯ ನಾಗ, ಪಕ್ಕದಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತ ಬರಹ. ಚುಟು ವಂಶದ ಸಾತಕರ್ಣಿಯ ಕಾಲದಲ್ಲಿ ಅರಸುಮನೆಯ ಹೆಣ್ಣುಮಗಳೊಬ್ಬಳು ಈ ನಾಗವನ್ನೂ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ದಾನವಾಗಿ ಕೊಟ್ಟಳೆಂದು ಅದು ಹೇಳುತ್ತದೆ. ಕಡೆದವನ ಹೆಸರೂ ಅಲ್ಲಿದೆ: ನಟಕ. ಕದಂಬರ ಮಯೂರಶರ್ಮ ಕತ್ತಿ ಹಿಡಿಯುವುದಕ್ಕೂ ಮೊದಲಿನ ಮಾತು ಇದು. ಹಾವಿನ ಮೈಯ ಸುರುಳಿಯನ್ನು ಆತ ಎಷ್ಟು ಸಲೀಸಾಗಿ ಬಿಡಿಸಿದ್ದಾನೆಂದರೆ, ಆಮೇಲೆ ನಮ್ಮ ಊರೂರಿನ ಅಶ್ವತ್ಥಕಟ್ಟೆಯಲ್ಲಿ ನಿಂತ ನಾಗರಕಲ್ಲುಗಳೆಲ್ಲ ಪೆಡಸಾಗಿ ಕಾಣುತ್ತವೆ.

ಬನವಾಸಿಯಿಂದ ಸ್ವಲ್ಪವೇ ದೂರ ಗುಡ್ನಾಪುರ. ದೊಡ್ಡ ಕೆರೆ, ಕೆರೆಯ ಬಳಿ ಕದಂಬ ರವಿವರ್ಮನ ಶಾಸನಸ್ತಂಭ. ಅರಮನೆ, ನೃತ್ಯಶಾಲೆ, ಕಾಮದೇವನ ಗುಡಿ ಎಲ್ಲವನ್ನೂ ಅದು ಬಣ್ಣಿಸುತ್ತದೆ. ಅದರಲ್ಲಿ ನೆಲದ ಮೇಲೆ ಈಗ ಉಳಿದದ್ದು ಅತ್ಯಲ್ಪ. ಮನ್ಮಥನಿಗೊಂದು ಗುಡಿ ಕಟ್ಟಿದ ಅರಸನ ಬಗ್ಗೆ ನನಗೆ ಮೊದಲಿನಿಂದಲೂ ಒಂದು ತೂಕ ಹೆಚ್ಚು ಪ್ರೀತಿ.

ಇನ್ನು ಸೋಂದೆ. ಸೋದೆ, ಸ್ವಾದಿ, ಸುಧಾಪುರ, ಹೇಗೆ ಕರೆದರೂ ಒಂದೇ ಊರು. 16ನೇ ಶತಮಾನದಲ್ಲಿ ಅರಸಪ್ಪ ನಾಯಕ ಇಲ್ಲಿ ಆಳುತ್ತಿದ್ದಾಗ ದ್ವೈತ ಯತಿ ವಾದಿರಾಜರು ಬಂದು ನೆಲೆಸಿದರು. ಉಡುಪಿಯ ಪರ್ಯಾಯವನ್ನು ಎರಡು ತಿಂಗಳಿನಿಂದ ಎರಡು ವರ್ಷಕ್ಕೆ ಏರಿಸಿದವರು ಅವರೇ. ಅವರ ವೃಂದಾವನ, ತ್ರಿವಿಕ್ರಮ ದೇವಸ್ಥಾನ, ಧವಳಗಂಗೆಯ ಕೆರೆ ನೋಡಿ ಜನ ಕಾರು ಹತ್ತುತ್ತಾರೆ. ಅದೇ ಸೀಮೆಯಲ್ಲೇ ಅದ್ವೈತಿಗಳ ಸ್ವರ್ಣವಲ್ಲಿ ಮಠ, ಜೈನರ ಸ್ವಾದಿ ಮಠ ಇವೆ. ತತ್ತ್ವದಲ್ಲಿ ಒಬ್ಬರನ್ನೊಬ್ಬರು ಒಪ್ಪದ ಮೂರು ಪರಂಪರೆಗಳು ಒಂದೇ ಪುಟ್ಟ ರಾಜಧಾನಿಯ ಆಸುಪಾಸಿನಲ್ಲಿ, ಅಡಕೆ ತೋಟಗಳ ಮಧ್ಯೆ, ಇವತ್ತಿಗೂ ಒಲೆ ಹೊತ್ತಿಸುತ್ತಿವೆ. ಮೂರನ್ನೂ ಒಂದೇ ದಿನ ನೋಡಿ. ಒಂದರಲ್ಲಿ ಊಟಕ್ಕೆ ಕೂತರೂ ಉಳಿದೆರಡರಲ್ಲಿ ಬೇಜಾರು ಮಾಡಿಕೊಳ್ಳುವವರು ಯಾರೂ ಇಲ್ಲ.

ಕೋಟೆ ಮಾತ್ರ ಕಾಡು ಪಾಲು. 1763-64ರ ಸುಮಾರಿಗೆ ಹೈದರನ ಸೈನ್ಯ ಬಂದಾಗ ಇಲ್ಲಿನ ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಫೋಂಡಾ ಹತ್ತಿರದ ಬಾಂದೋಡೆಯಲ್ಲಿ ಆ ಮನೆತನ ನೆಲೆ ನಿಂತಿತು. ಗೋವೆಯ ಇಗರ್ಜಿ ನೋಡಲು ಹೋಗುವ ನಮ್ಮವರು ದಾರಿಯಲ್ಲೇ ಇರುವ ಸೋದೆಯ ಈ ಕೊನೆಯ ಅಧ್ಯಾಯವನ್ನು ದಾಟಿ ಹೋಗುತ್ತಾರೆ.

ಶಾಲ್ಮಲೆಯ ಸಹಸ್ರಲಿಂಗವೂ ಸೋದೆಯದ್ದೇ. ಅರಸ ಸದಾಶಿವರಾಯನ ಕಾಲದ್ದೆನ್ನುತ್ತಾರೆ. ಹೊಳೆಯ ಬಂಡೆ ಹೇಗಿತ್ತೋ ಹಾಗೇ ಬಿಟ್ಟು ಅದರ ನೆತ್ತಿಯಲ್ಲಿ ಲಿಂಗ, ಎದುರಿಗೆ ಬಸವ. ಕೆಲವು ಬಸವಗಳ ಮೂತಿಯನ್ನು ನೀರೇ ಸವೆಸಿ ನುಣ್ಣಗೆ ಮಾಡಿದೆ, ಕೊರಳಿನ ಗಂಟೆಸರ ಮಾತ್ರ ಬೆರಳಿಗೆ ಸಿಗುತ್ತದೆ.

ಸಿದ್ದಾಪುರದವರಿಗೆ ಬಿಳಗಿ ಇದೆ: ರತ್ನತ್ರಯ ಬಸದಿ, ಮೆಟ್ಟಿಲಿಳಿದು ನೀರು ಮುಟ್ಟುವ ಗೋಲಬಾವಿ. ಮುನ್ನೂರಕ್ಕೂ ಮಿಕ್ಕಿ ಮೆಟ್ಟಿಲು ಹತ್ತಿದರೆ ಭುವನಗಿರಿಯ ಭುವನೇಶ್ವರಿ. ನವೆಂಬರ್ ಒಂದನೇ ತಾರೀಕು ಬಿಟ್ಟು ಬೇರೆ ದಿನ ಹೋಗಿ. ಯಲ್ಲಾಪುರದಲ್ಲಿ ಹಳೆಯ ಕಲ್ಲು ಕಡಿಮೆ, ಕಾಡು ಜಾಸ್ತಿ. ಆದರೂ ಚಂದಗುಳಿಯ ಗಣಪತಿಯನ್ನು ಬಿಡಬಾರದು. ಹರಕೆ ತೀರಿಸಿದವರು ಕಟ್ಟಿದ ಗಂಟೆಗಳು, ಬೆರಳುದ್ದದಿಂದ ಹಿಡಿದು ಇಬ್ಬರು ಎತ್ತುವಷ್ಟು ದೊಡ್ಡವು, ಸಾಲುಸಾಲಾಗಿ ತೂಗುತ್ತವೆ. ಶಿಲ್ಪಶಾಸ್ತ್ರಕ್ಕೆ ಇದು ಸೇರುವುದಿಲ್ಲ, ನನ್ನ ಪಟ್ಟಿಗೆ ಸೇರುತ್ತದೆ.

ಕೊನೆಗೆ ಕಾವಿಯ ಮಾತು, ಸ್ವಲ್ಪ ಸಿಟ್ಟಿನಿಂದಲೇ. ಶಿರಸಿ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿರುವ ಕೆಂಪು-ಬಿಳಿ ಚಿತ್ರ ಕಾವಿ ಕಲೆ. ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ಮರಳು, ಬೆಲ್ಲ ಬೆರೆಸಿ, ಕೊಳೆಹಾಕಿ, ಕುಟ್ಟಿ, ಗೋಡೆಗೆ ಗಾರೆ ಬಳಿಯುತ್ತಿದ್ದರು. ಹಸಿ ಇರುವಾಗಲೇ ಮೇಲೆ ಹುರಮಂಜಿನ ಕೆಂಪು. ಅದನ್ನು ಮೊನೆಯಿಂದ ಕೆರೆದಲ್ಲೆಲ್ಲ ಕೆಳಗಿನ ಬಿಳುಪು ಗೆರೆಯಾಗಿ ಏಳುತ್ತದೆ. ತಿದ್ದಲು ಅವಕಾಶವಿಲ್ಲ. ಇಟಲಿಯ ಫ್ಲಾರೆನ್ಸಿನಲ್ಲಿ ಹಳೇ ಮನೆಗಳ ಮುಂಗೋಡೆಗಳನ್ನು ಹೆಚ್ಚೂಕಡಿಮೆ ಇದೇ ಉಪಾಯದಿಂದ ಸಿಂಗರಿಸಿದ್ದಾರೆ, ಸ್ಗ್ರಾಫಿಟೊ ಎನ್ನುತ್ತಾರೆ. ಅದನ್ನು ನೋಡಲು ಜನ ವಿಮಾನ ಹತ್ತುತ್ತಾರೆ. ನಮ್ಮಲ್ಲಿ ಹೊನ್ನಾವರದ ಕೃಷ್ಣಾನಂದ ಕಾಮತರು ಊರೂರು ತಿರುಗಿ ಕಾವಿ ಚಿತ್ರಗಳನ್ನು ದಾಖಲಿಸಿದರು. ಅವರ ಬೆನ್ನಿಗೇ ಜೀರ್ಣೋದ್ಧಾರದ ಗಾಳಿ ಬೀಸಿತು. ಈ ಮೂರು ತಾಲೂಕಿನದ್ದೇ ಒಂದು ಗುಡಿಯಲ್ಲಿ, ಹೆಸರು ಬೇಡ, ಕಾವಿ ಗೋಡೆಯ ಮೇಲೆ ಬಚ್ಚಲಮನೆಯ ಟೈಲ್ಸ್ ಕೂತಿದೆ. ತೊಳೆಯಲು ಸುಲಭ ಎಂದರು.

ಆದ್ದರಿಂದ ದೇವಸ್ಥಾನ ಸಮಿತಿಯವರಲ್ಲಿ ಒಂದೇ ವಿನಂತಿ: ಆಯಿಲ್ ಪೇಂಟಿನ ಡಬ್ಬಿ ತೆರೆಯುವ ಮೊದಲು ಹಳೇ ಗೋಡೆಯ ಫೋಟೊ ತೆಗೆಸಿ, ತಿಳಿದವರೊಬ್ಬರಿಗೆ ತೋರಿಸಿ. ನೋಡಹೋಗುವವರಿಗೆ ಇಷ್ಟೇ: ಮಳೆಗಾಲದಲ್ಲಿ ಸಹಸ್ರಲಿಂಗಕ್ಕೆ ಹೋಗಬೇಡಿ, ಲಿಂಗಗಳು ನೀರಿನಡಿ ಇರುತ್ತವೆ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಜಾತ್ರೆಯ ವಾರ ಶಿರಸಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜಾತ್ರೆಗೆ ಜಾತ್ರೆಯೆಂದೇ ಹೋಗಿ, ಗೋಡೆ ನೋಡಲು ಬೇರೆ ದಿನ ಇಟ್ಟುಕೊಳ್ಳಿ. ಜೋಗವನ್ನು ಮುಂದಿನ ಸಲಕ್ಕೆ ಬಿಡಿ.