ಕೇಳದೇ ಹೋದ ಎರಡನೆಯ ಪ್ರಶ್ನೆ

ಕಲಬುರಗಿಯ ನಾಲ್ಕು ಖಾಸಗಿ ಆಸ್ಪತ್ರೆಗಳ ಮೇಲೆ 2015ರಲ್ಲಿ ಆರೋಪ ಬಂದಾಗ ಎಲ್ಲರೂ ಎಣಿಸಿದ್ದು ಗರ್ಭಕೋಶಗಳನ್ನು. ಮೂವತ್ತು ತಿಂಗಳಲ್ಲಿ 2,258 ಹೆಂಗಸರು ಎಂಬ ಅಂಕಿ ಪತ್ರಿಕೆಗಳಲ್ಲಿ ಬಂತು. ಬಹುಪಾಲು ಲಂಬಾಣಿ ಮತ್ತು ದಲಿತ ಸಮುದಾಯದವರು, ಅನೇಕರಿಗೆ ನಲವತ್ತೂ ದಾಟಿರಲಿಲ್ಲ. ಆಸ್ಪತ್ರೆಗಳ ಪರವಾನಗಿ ರದ್ದು ಮಾಡಿದ್ದೇವೆ ಎಂದಿತು ಆರೋಗ್ಯ ಇಲಾಖೆ. ಆದರೂ ಅವು ನಡೆಯುತ್ತಲೇ ಇವೆ ಎಂದು 2017ರ ಫೆಬ್ರುವರಿಯಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂತರು. ಈ ಕಥೆ ಹಲವರಿಗೆ ಗೊತ್ತು. ಆದರೆ ಅದೇ ಮೇಜಿನ ಮೇಲೆ, ಅದೇ ಅರಿವಳಿಕೆಯಲ್ಲಿ, ಗರ್ಭಕೋಶದ ಜೊತೆ ಅಂಡಾಶಯಗಳೂ ಹೋದವೇ? ಎಷ್ಟು ಜನರಿಗೆ ಹೋದವು? ಅದನ್ನು ಅವರಿಗೆ ಯಾರಾದರೂ ಹೇಳಿದರೇ? ಈ ಪ್ರಶ್ನೆ ಆಗಲೂ ಹಿಂದೆ ಬಿತ್ತು, ಈಗಲೂ ಹಿಂದೆಯೇ ಇದೆ.

ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ಗರ್ಭಕೋಶ ತೆಗೆಯುವುದು ಒಂದು ನಿರ್ಧಾರ, ಅಂಡಾಶಯ ತೆಗೆಯುವುದು ಬೇರೆಯದೇ ನಿರ್ಧಾರ. ಗರ್ಭಕೋಶ ಹೋದರೆ ಮುಟ್ಟು ನಿಲ್ಲುತ್ತದೆ, ಮಕ್ಕಳಾಗುವುದಿಲ್ಲ. ಎರಡೂ ಅಂಡಾಶಯ ಹೋದರೆ ಈಸ್ಟ್ರೋಜೆನ್ ಒಮ್ಮೆಲೇ ಕುಸಿಯುತ್ತದೆ. ನಲವತ್ತೈದು ದಾಟಿದ ಮೇಲೆ ನಿಧಾನವಾಗಿ ಬರಬೇಕಾದ ಮುಟ್ಟುನಿಲ್ಲುವಿಕೆ ಮೂವತ್ತೆರಡನೇ ವಯಸ್ಸಿಗೆ, ಕೆಲವೇ ದಿನಗಳಲ್ಲಿ ಬಂದುಬಿಡುತ್ತದೆ. ಮೈಯೆಲ್ಲ ಕಾವು, ರಾತ್ರಿ ಬೆವರು, ನಿದ್ದೆಯಿಲ್ಲ, ಕೂಡುವಾಗ ನೋವು. ಇವು ಕಣ್ಣಿಗೆ ಕಾಣುವ ತೊಂದರೆಗಳು. ಕಾಣದೆ ನಡೆಯುವುದು ಮೂಳೆ ಸವೆಯುವುದು, ಹೃದಯದ ರಕ್ತನಾಳ ಗಟ್ಟಿಯಾಗುವುದು.

ಇದು ಊಹೆಯಲ್ಲ. ಅಮೆರಿಕದ ನರ್ಸ್‌ಗಳ ಆರೋಗ್ಯ ಅಧ್ಯಯನದಲ್ಲಿ, ಕ್ಯಾನ್ಸರ್ ಅಲ್ಲದ ಕಾರಣಕ್ಕೆ ಗರ್ಭಕೋಶ ತೆಗೆಸಿಕೊಂಡ 29,380 ಹೆಂಗಸರನ್ನು ಸುಮಾರು 24 ವರ್ಷ ಗಮನಿಸಿದರು. ವಿಲಿಯಂ ಪಾರ್ಕರ್ ಮತ್ತು ಸಂಗಡಿಗರು 2009ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಅಂಡಾಶಯಗಳನ್ನೂ ಕಳೆದುಕೊಂಡವರಲ್ಲಿ ಅಂಡಾಶಯದ ಮತ್ತು ಸ್ತನದ ಕ್ಯಾನ್ಸರ್ ಕಡಿಮೆಯಿತ್ತು, ನಿಜ. ಆದರೆ ಹೃದ್ರೋಗ ಹೆಚ್ಚಿತ್ತು, ಒಟ್ಟು ಸಾವು ಶೇ 12ರಷ್ಟು ಹೆಚ್ಚಿತ್ತು. ಅಂಡಾಶಯ ತೆಗೆಸಿದ್ದರಿಂದ ಹೆಚ್ಚು ಕಾಲ ಬದುಕಿದರು ಎನ್ನುವಂಥ ವಯೋಮಾನ ಒಂದೂ ಇರಲಿಲ್ಲ. ಅದಕ್ಕೂ ಮೊದಲು, 2006ರಲ್ಲಿ, ಮೇಯೊ ಕ್ಲಿನಿಕ್‌ನ ವಾಲ್ಟರ್ ರೊಕ್ಕಾ ತಂಡ 45ಕ್ಕಿಂತ ಮೊದಲು ಎರಡೂ ಅಂಡಾಶಯ ತೆಗೆಸಿ, ಹಾರ್ಮೋನ್ ಮಾತ್ರೆ ಪಡೆಯದವರಲ್ಲಿ ಸಾವಿನ ಪ್ರಮಾಣ ಹೆಚ್ಚೆಂದು ತೋರಿಸಿತ್ತು. ಆನುವಂಶಿಕ ಅಪಾಯವಿಲ್ಲದ, ಇನ್ನೂ ಮುಟ್ಟಾಗುತ್ತಿರುವ ಹೆಂಗಸಿನ ಅಂಡಾಶಯ ಉಳಿಸುವುದನ್ನು ಗಂಭೀರವಾಗಿ ಯೋಚಿಸಬೇಕೆಂದು ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ 2008ರಲ್ಲೇ ಹೇಳಿತ್ತು. ಹಾಗಾಗಿ 2015ರ ಹೊತ್ತಿಗೆ ಗೊತ್ತಿರಲಿಲ್ಲ ಎನ್ನಲು ಯಾವ ಶಸ್ತ್ರವೈದ್ಯರಿಗೂ ಅವಕಾಶವಿಲ್ಲ.

ಅದೇ 2015ರ ಮಾರ್ಚ್ 24ರಂದು ನಟಿ ಏಂಜಲಿನಾ ಜೋಲಿ ತಮ್ಮ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸಿಕೊಂಡದ್ದನ್ನು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. ಆಗ ಅವರಿಗೆ 39 ವರ್ಷ. ತಾಯಿ, ಅಜ್ಜಿ, ಚಿಕ್ಕಮ್ಮ ಮೂವರೂ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ರಕ್ತಪರೀಕ್ಷೆಯಲ್ಲಿ ಬಿಆರ್‌ಸಿಎ-1 ಜೀನಿನ ದೋಷ ಖಚಿತವಾಗಿತ್ತು, ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ಶೇ 50 ಎಂದು ವೈದ್ಯರು ಹೇಳಿದ್ದರು. ಅಂಥವರಿಗೆ ಮಕ್ಕಳಾದ ಮೇಲೆ, 35ರಿಂದ 40ರೊಳಗೆ ಈ ಶಸ್ತ್ರಚಿಕಿತ್ಸೆ ಮಾಡಿಸಲು ವೈದ್ಯಶಾಸ್ತ್ರವೇ ಸಲಹೆ ಮಾಡುತ್ತದೆ. ಅದರಿಂದ ಜೀವ ಉಳಿಯುತ್ತದೆ. ಗಮನಿಸಬೇಕಾದದ್ದು, ಜೋಲಿ ಗರ್ಭಕೋಶವನ್ನು ಉಳಿಸಿಕೊಂಡರು. ಆ ಭಾಗದ ಕ್ಯಾನ್ಸರ್ ಅವರ ವಂಶದಲ್ಲಿ ಇರಲಿಲ್ಲ. ಆಮೇಲೆ ಹಾರ್ಮೋನ್ ಪಟ್ಟಿ ಹಚ್ಚಿಕೊಂಡರು. ಯಾವ ಅಂಗ, ಏಕೆ, ಈಗಲೇ ಏಕೆ, ಆಮೇಲೆ ಏನು ಎಂಬ ನಾಲ್ಕಕ್ಕೂ ಅವರ ಬಳಿ ಉತ್ತರವಿತ್ತು.

ಸಿರಿವಂತ ನಟಿಯನ್ನು ಕೂಲಿ ಹೆಂಗಸಿನ ಪಕ್ಕ ನಿಲ್ಲಿಸುವುದು ಅನ್ಯಾಯ ಎನ್ನಬಹುದು. ಹಣದ ಮಾತಿಗೆ ಹೌದು. ಆದರೆ ಆ ನಾಲ್ಕು ಉತ್ತರಗಳಿಗೆ ಹಣ ಬೇಕಿಲ್ಲ, ಅರ್ಧ ಗಂಟೆ ಕೂತು ಮಾತಾಡುವ ವೈದ್ಯರು ಬೇಕು.

ನಮ್ಮ ಕಡೆ ಆದದ್ದು ಏನು? ಬಿಳಿ ಹೋಗುತ್ತದೆ, ಹೊಟ್ಟೆ ನೋವು, ಸೊಂಟ ಸೆಳೆತ, ಮುಟ್ಟು ಜಾಸ್ತಿ ಎಂದು ಹೆಂಗಸು ಬರುತ್ತಾಳೆ. ಸ್ಕ್ಯಾನಿಂಗ್ ಆಗುತ್ತದೆ. "ಒಳಗ ಹುಣ್ಣ ಆಗ್ಯಾದ, ತೆಗಸಲಿಲ್ಲಂದ್ರ ಕ್ಯಾನ್ಸರ್ ಆಗ್ತದ" ಎನ್ನುವ ಮಾತು ಬೀಳುತ್ತದೆ. ಅಲ್ಲಿಗೆ ಮುಗಿಯಿತು. ಕರ್ನಾಟಕ ಜನಾರೋಗ್ಯ ಚಳುವಳಿಯ ಟೀನಾ ಕ್ಸೇವಿಯರ್, ಅಖಿಲಾ ವಾಸನ್ ಮತ್ತು ಎಸ್. ವಿಜಯಕುಮಾರ್ ತಾಂಡಾದ ಹೆಂಗಸರ ಅನುಭವಗಳನ್ನು ಕೇಳಿ 2017ರಲ್ಲಿ ವೈದ್ಯಕೀಯ ನೀತಿಯ ಪತ್ರಿಕೆಯೊಂದರಲ್ಲಿ ಬರೆದ ಲೇಖನದ ಶೀರ್ಷಿಕೆಯಲ್ಲೇ ಭಯ ಮತ್ತು ವ್ಯಾಪಾರ ಜೊತೆಯಾಗಿ ನಿಂತಿವೆ.

ಈ ಭಯದ ತರ್ಕವನ್ನೇ ಬಿಚ್ಚಿ ನೋಡೋಣ. ಬಿಳಿ ಹೋಗುವುದು ಎಷ್ಟೋ ಸಲ ಸೋಂಕಿನಿಂದ, ಮಾತ್ರೆ ತೆಗೆದುಕೊಂಡರೆ ವಾಸಿಯಾಗುವಂಥದ್ದೇ ಹೆಚ್ಚು. ಸ್ಕ್ಯಾನಿಂಗ್‌ನಲ್ಲಿ ಕಾಣುವ ಎರಡು ಮೂರು ಸೆಂಟಿಮೀಟರಿನ ನೀರುಗುಳ್ಳೆ ಪ್ರತಿ ತಿಂಗಳು ಅಂಡ ಬೆಳೆಯುವ ಕ್ರಿಯೆಯ ಭಾಗ. ಎರಡು ಮುಟ್ಟು ಕಾದು ಮತ್ತೆ ನೋಡಿದರೆ ಸಾಮಾನ್ಯವಾಗಿ ಮಾಯವಾಗಿರುತ್ತದೆ. ನಮ್ಮ ಹಳ್ಳಿಗಳಲ್ಲಿ ನಿಜಕ್ಕೂ ಹೆದರಬೇಕಾದದ್ದು ಗರ್ಭಕಂಠದ ಕ್ಯಾನ್ಸರ್. ಅದಕ್ಕೂ ಅಂಡಾಶಯಕ್ಕೂ ಸಂಬಂಧವಿಲ್ಲ. ಎಷ್ಟರಮಟ್ಟಿಗೆಂದರೆ, ಗರ್ಭಕಂಠದ ಕ್ಯಾನ್ಸರ್ ಇರುವುದೇ ಖಚಿತವಾದ ಎಳೆಯ ವಯಸ್ಸಿನ ಹೆಂಗಸಿಗೆ ಶಸ್ತ್ರಚಿಕಿತ್ಸೆ ಮಾಡುವಾಗಲೂ ಬಲ್ಲ ವೈದ್ಯರು ಅಂಡಾಶಯಗಳನ್ನು ಉಳಿಸಲು ನೋಡುತ್ತಾರೆ. ವಿಕಿರಣ ತಾಗದಿರಲಿ ಎಂದು ಅವನ್ನು ಮೇಲೆತ್ತಿ ಬೇರೆ ಕಡೆ ಕೂರಿಸುವುದೂ ಉಂಟು. ಕ್ಯಾನ್ಸರ್ ಇದ್ದವಳಿಗೆ ಉಳಿಸುವ ಅಂಗವನ್ನು, ಬಿಳಿ ಹೋಗುತ್ತದೆ ಎಂದು ಬಂದವಳಿಂದ ತೆಗೆಯುವುದಕ್ಕೆ ಯಾವ ಶಾಸ್ತ್ರದ ಆಧಾರವಿದೆ? ನನಗೆ ಒಂದೂ ಕಾಣುವುದಿಲ್ಲ.

ಇದಕ್ಕೆ ಇತಿಹಾಸವೂ ಇದೆ. 1872ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ರಾಬರ್ಟ್ ಬ್ಯಾಟಿ ಎಂಬ ವೈದ್ಯ ಮುಟ್ಟಿನ ನೋವಿಗೂ ಮನಸ್ಸಿನ ಕಾಯಿಲೆಗಳಿಗೂ ಆರೋಗ್ಯವಂತ ಅಂಡಾಶಯಗಳನ್ನೇ ಕತ್ತರಿಸುವ ಪದ್ಧತಿ ಶುರುಮಾಡಿದ. ಕೆಲವು ದಶಕ ಅದು ಹೆಸರುವಾಸಿಯಾಗಿತ್ತು, ಆಮೇಲೆ ವೈದ್ಯಲೋಕವೇ ಅದನ್ನು ಕೈಬಿಟ್ಟಿತು.

ಇನ್ನು ಹೆಂಗಸರ ಕಡೆಯಿಂದ ನೋಡಬೇಕು. ಅವರನ್ನು ಬರೀ ಮೋಸಹೋದವರು ಎಂದು ಬರೆಯುವ ವರದಿಗಳು ನನಗೆ ಸಮಾಧಾನ ಕೊಡುವುದಿಲ್ಲ. ಕೆಲವರು ತಾವೇ ಹೋಗಿ ಕೇಳಿದ್ದಾರೆ. ಮೂವತ್ತು ತುಂಬುವ ಮೊದಲೇ ಮಕ್ಕಳಾಗಿ, ಮಕ್ಕಳಾಗದ ಆಪರೇಶನ್ನೂ ಆಗಿಹೋದ ಹೆಂಗಸು ಇನ್ನು ಆ ಚೀಲ ಯಾಕೆ ಎಂದುಕೊಂಡರೆ ಅವಳ ಲೆಕ್ಕ ಅವಳಿಗೆ ಸರಿಯೇ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನಿಂದ ಜನ ತೊಗರಿ ರಾಶಿ ಮುಗಿಸಿ ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ, ಕಬ್ಬು ಕಡಿಯಲು ಹೋಗುತ್ತಾರೆ. ಕಟ್ಟಡದ ಕೆಲಸದಲ್ಲಿ, ಕಬ್ಬಿನ ಗದ್ದೆಯಲ್ಲಿ ಶೌಚಾಲಯವಿಲ್ಲ, ಬಟ್ಟೆ ಬದಲಿಸಲು ಮರೆಯಿಲ್ಲ, ರಜೆ ಹಾಕಿದರೆ ಕೂಲಿಯಿಲ್ಲ. ಪಕ್ಕದ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಮೂರು ವರ್ಷದಲ್ಲಿ 4,605 ಗರ್ಭಕೋಶ ಶಸ್ತ್ರಚಿಕಿತ್ಸೆಗಳು ನಡೆದದ್ದು 2019ರಲ್ಲಿ ಬಯಲಾದಾಗ, ಕಬ್ಬು ಕಡಿಯುವ ಹೆಂಗಸರ ಇದೇ ಸಂಕಟ ಹೊರಬಂತು. ತಿಂಗಳ ಆ ನಾಲ್ಕು ದಿನಗಳಿಂದ ಬಿಡುಗಡೆ ಬೇಕು ಎನ್ನುವ ಹೆಂಗಸಿನ ಆಸೆಯನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಅವಳು ಕೇಳಿದ್ದು ಮುಟ್ಟಿನಿಂದ ಬಿಡುಗಡೆ. ಮೂಳೆ ಸವೆದು ಕಬ್ಬಿನ ಹೊರೆ ಎತ್ತಲಾಗದ ಮೈಯನ್ನು ಅವಳು ಕೇಳಿರಲಿಲ್ಲ. ಕೆಲಸ ಉಳಿಸಿಕೊಳ್ಳಲು ಹೋದವಳು ಕೆಲಸ ಮಾಡುವ ಶಕ್ತಿಯನ್ನೇ ಅಲ್ಲಿ ಬಿಟ್ಟು ಬಂದರೆ ಆ ಒಪ್ಪಿಗೆಯನ್ನು ಒಪ್ಪಿಗೆ ಎನ್ನುವುದು ಹೇಗೆ?

ಕಾನೂನಿನ ದಾರಿಯಲ್ಲಿ ಒಂದಿಷ್ಟು ಕೆಲಸವಾಗಿದೆ. ಡಾ. ನರೇಂದ್ರ ಗುಪ್ತಾ 2013ರಲ್ಲಿ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ರಾಜ್ಯಗಳು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದಿತು. ಅದರಂತೆ ಜಿಲ್ಲಾ ಮಟ್ಟದಲ್ಲಿ ನಿಗಾ ಸಮಿತಿ ಇರಬೇಕು, ನಲವತ್ತರೊಳಗಿನವರ ಶಸ್ತ್ರಚಿಕಿತ್ಸೆಯನ್ನು ಕಾರಣಸಮೇತ ವರದಿ ಮಾಡಬೇಕು. ಒಳ್ಳೆಯ ಹೆಜ್ಜೆ. ಆದರೂ ಇಡೀ ವ್ಯವಸ್ಥೆಯ ಕಣ್ಣು ಗರ್ಭಕೋಶದ ಮೇಲೆಯೇ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಗರ್ಭಕೋಶ ತೆಗೆಸಿದ್ದೀರಾ, ಎಲ್ಲಿ, ಏಕೆ ಎಂದಷ್ಟೇ ಕೇಳುತ್ತದೆ. ಅಂಡಾಶಯ ಉಳಿದಿದೆಯೋ ಎಂದು ಕೇಳುವುದಿಲ್ಲ. ಎಣಿಸದ ನಷ್ಟಕ್ಕೆ ಹೊಣೆಗಾರರು ಇರುವುದಿಲ್ಲ.

ಹಾಗಾಗಿ ಒಪ್ಪಿಗೆ ಪತ್ರದಲ್ಲಿ ಅಂಡಾಶಯಕ್ಕೆ ಬೇರೆಯದೇ ಸಾಲು, ಬೇರೆಯದೇ ಸಹಿ ಬೇಕು. ಅದನ್ನು ಗಂಡನಿಗಲ್ಲ, ಅವಳಿಗೇ, ಅವಳು ಮನೆಯಲ್ಲಿ ಆಡುವ ಲಂಬಾಣಿಗರ ಗೋರ್ ಬೋಲಿಯಲ್ಲೋ ಕನ್ನಡದಲ್ಲೋ ಉರ್ದುವಿನಲ್ಲೋ ವಿವರಿಸಬೇಕು. ತುರ್ತು ಇಲ್ಲದಿದ್ದರೆ ಒಂದು ತಿಂಗಳ ಬಿಡುವು ಬೇಕು, ಸರ್ಕಾರಿ ಆಸ್ಪತ್ರೆಯ ಎರಡನೇ ಅಭಿಪ್ರಾಯ ಬೇಕು. ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವಿದೆ. ಕ್ಯಾನ್ಸರ್ ಎಂಬ ಮಾತು ಬಂದ ಕೂಡಲೇ ಹೆಂಗಸು ಅಲ್ಲಿಗೆ ಹೋಗುವಂತಾಗಬೇಕು. ಬಿಡುಗಡೆ ಚೀಟಿಯಲ್ಲಿ ಎಡದ್ದು ಉಳಿದಿದೆ, ಬಲದ್ದು ತೆಗೆದಿದೆ ಎಂದು ಕನ್ನಡದಲ್ಲಿ ಬರೆಯಬೇಕು.

ಇವೆಲ್ಲ ಮುಂದೆ ಹೋಗುವವರಿಗೆ. ಆಗಲೇ ಹೋಗಿ ಬಂದವರ ಗತಿ ಏನು? 2013ರಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದವರು ಈಗ ನಲವತ್ತು ದಾಟಿದ್ದಾರೆ. ಹೆಚ್ಚಿನವರ ಕೈಯಲ್ಲಿ ಸರಿಯಾದ ಚೀಟಿಯಿಲ್ಲ, ತಮ್ಮ ಹೊಟ್ಟೆಯೊಳಗೆ ಏನು ಉಳಿದಿದೆ ಎಂಬುದೂ ಗೊತ್ತಿಲ್ಲ. ಒಂದು ಸ್ಕ್ಯಾನಿಂಗ್, ಒಂದು ಹಾರ್ಮೋನ್ ಪರೀಕ್ಷೆ ಮಾಡಿಸಿದರೆ ಬಹಳಷ್ಟು ತಿಳಿಯುತ್ತದೆ. ಅಂಡಾಶಯ ಇಲ್ಲದವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಈಸ್ಟ್ರೋಜೆನ್ ಕೊಡಬಹುದು. ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡಬೇಕು, ಬಿಪಿ ಮತ್ತು ಕೊಲೆಸ್ಟರಾಲ್ ನೋಡುತ್ತಿರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ದಾಟಿದ ಪ್ರತಿಯೊಬ್ಬರ ಬಿಪಿ, ಸಕ್ಕರೆ ಬರೆದುಕೊಳ್ಳುವ ರಿಜಿಸ್ಟರ್ ಈಗಾಗಲೇ ಇದೆ. ಮನೆಮನೆಗೆ ಹೋಗಿ ಆ ಮಾಹಿತಿ ತರುವ ಆಶಾ ಅಕ್ಕಂದಿರಿಗೆ ಯಾವ ಮನೆಯಲ್ಲಿ ಯಾರಿಗೆ ಆಪರೇಶನ್ ಆಗಿದೆ ಎಂಬುದು ಬಾಯಿಪಾಠ. ಆ ರಿಜಿಸ್ಟರಿನಲ್ಲಿ ಇನ್ನೊಂದು ಅಂಕಣ ಗೆರೆ ಎಳೆದು ಸೇರಿಸುವುದಕ್ಕೆ ಹೊಸ ಕಾನೂನು ಬೇಡ, ಹೊಸ ಅನುದಾನವೂ ಬೇಡ, ಜಿಲ್ಲಾ ಆರೋಗ್ಯಾಧಿಕಾರಿಯ ಒಂದು ಸುತ್ತೋಲೆ ಸಾಕು.